ಪ್ಯೂನಿಕೋಡ್

ಪ್ಯೂನಿಕೋಡ್ ಎಂಬುದು ಯುನಿಕೋಡ್ ಅಕ್ಷರಗಳಲ್ಲಿರುವ ಪದವನ್ನು ರೋಮನ್ ವರ್ಣಮಾಲೆಯ 26 ಅಕ್ಷರಗಳು, 10 ಅಂಕಿಗಳು ಹಾಗೂ ಕಿರುಗೆರೆ ಇಷ್ಟರಿಂದಲೇ ಬರೆದು, ಬೇಕಾದಾಗ ಯಾವ ನಷ್ಟವೂ ಇಲ್ಲದೆ ಮೂಲರೂಪಕ್ಕೆ ಮರಳಿಸಬಲ್ಲ ಸಂಕೇತನ ವಿಧಾನವಾಗಿದೆ. ಕನ್ನಡ, ಅರೇಬಿಕ್, ಚೀನೀ ಮುಂತಾದ ಲಿಪಿಗಳಲ್ಲಿರುವ ಡೊಮೇನ್ ಹೆಸರುಗಳನ್ನು ಅಂತರರಾಷ್ಟ್ರೀಕೃತ ಡೊಮೇನ್ ಹೆಸರುಗಳು ಎನ್ನುತ್ತಾರೆ. ಆಸ್ಕಿ ಅಕ್ಷರಗಳನ್ನು ಮಾತ್ರ ನಿರೀಕ್ಷಿಸುವ ಹಳೆಯ ಅಂತರಜಾಲ ಪ್ರೋಟೋಕಾಲ್‌ಗಳ ಮೂಲಕ ಇಂಥ ಹೆಸರುಗಳು ಅಡೆತಡೆಯಿಲ್ಲದೆ ಹಾದುಹೋಗುವಂತೆ ಮಾಡುವುದೇ ಪ್ಯೂನಿಕೋಡಿನ ಉದ್ದೇಶ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಆಡಮ್ ಕಾಸ್ಟೆಲ್ಲೋ ರೂಪಿಸಿದ ಈ ವಿಧಾನವು 2003ರ ಮಾರ್ಚ್ ತಿಂಗಳಲ್ಲಿ ಆರ್‌ಎಫ್‌ಸಿ 3492 ಎಂಬ ದಾಖಲೆಯಾಗಿ ಪ್ರಕಟವಾಯಿತು. ‘ಪ್ಯೂನಿ’ ಎಂದರೆ ಇಂಗ್ಲಿಷಿನಲ್ಲಿ ಪುಟ್ಟದು, ಅಲ್ಪವಾದುದು ಎಂದರ್ಥ.

ಭಾರತದ ಕನ್ನಡ ಲಿಪಿಯ ಮೇಲ್ಮಟ್ಟದ ಡೊಮೇನ್ ಆದ ‘.ಭಾರತ’ ಎಂಬುದು ಡೊಮೇನ್ ವ್ಯವಸ್ಥೆಯ ಒಳಗೆ ‘ಎಕ್ಸ್‌ಎನ್--2ಎಸ್‌ಸಿಆರ್‌ಜೆ9ಸಿ’ ಎಂದು ದಾಖಲಾಗಿದೆ. ಈ ಲೇಖನದಲ್ಲಿ ರೋಮನ್ ಅಕ್ಷರಗಳನ್ನು ಅವುಗಳ ಉಚ್ಚಾರಣೆಯ ಹೆಸರಿನಿಂದಲೇ ಬರೆಯಲಾಗಿದೆ. ಹಾಗಾಗಿ ಮೇಲಿನ ಸಾಲನ್ನು ಎಕ್ಸ್, ಎನ್, ಎರಡು ಕಿರುಗೆರೆಗಳು, 2, ಎಸ್, ಸಿ, ಆರ್, ಜೆ, 9, ಸಿ ಎಂದು ಒಂದೊಂದಾಗಿ ಓದಿಕೊಳ್ಳಬೇಕು.

ಹಿನ್ನೆಲೆ

ಅಂತರಜಾಲದ ಆರಂಭಿಕ ವರ್ಷಗಳಲ್ಲಿ ಎಲ್ಲ ಗಣಕಗಳ ಹೆಸರು ಹಾಗೂ ವಿಳಾಸಗಳು ಒಂದೇ ಕಡತದಲ್ಲಿದ್ದವು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿದ್ದ ಮಾಹಿತಿ ಕೇಂದ್ರವು ಅದನ್ನು ನಿರ್ವಹಿಸುತ್ತಿತ್ತು, ಉಳಿದವರು ಕಾಲಕಾಲಕ್ಕೆ ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಗಣಕಗಳ ಸಂಖ್ಯೆ ಬೆಳೆದಂತೆ ಈ ಏರ್ಪಾಡು ಸಾಲದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅವರು ಡೊಮೇನ್ ನೇಮ್ ಸಿಸ್ಟಮ್ ಅಥವಾ ಡಿಎನ್‌ಎಸ್ ಎಂಬ ವಿಕೇಂದ್ರೀಕೃತ ವ್ಯವಸ್ಥೆಯನ್ನು ರೂಪಿಸಿದರು. 1987ರಲ್ಲಿ ಪ್ರಕಟವಾದ ಅದರ ಪರಿಷ್ಕೃತ ರೂಪವೇ ಇಂದಿಗೂ ಬಳಕೆಯ ಅಡಿಪಾಯ.

ಡಿಎನ್‌ಎಸ್ ಬಂದಾಗ ಹೆಸರಿಡುವ ಹಳೆಯ ಕಟ್ಟಳೆಗಳು ಬದಲಾಗಲಿಲ್ಲ. ಗಣಕದ ಹೆಸರಿನಲ್ಲಿ ರೋಮನ್ ಅಕ್ಷರ, ಅಂಕಿ ಮತ್ತು ಕಿರುಗೆರೆ ಮಾತ್ರ ಇರಬೇಕು. ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಕಿರುಗೆರೆಯಿಂದ ಹೆಸರು ಆರಂಭವಾಗಬಾರದು, ಮುಗಿಯಬಾರದು. ಚುಕ್ಕಿಗಳ ನಡುವಿನ ಪ್ರತಿಯೊಂದು ತುಂಡನ್ನೂ ಲೇಬಲ್ ಎನ್ನುತ್ತಾರೆ, ಅದರ ಗರಿಷ್ಠ ಉದ್ದ 63 ಬೈಟ್. ಇಡೀ ಹೆಸರಿಗೆ 255 ಬೈಟ್‌ಗಳ ಮಿತಿಯಿದೆ. ಆರಂಭದಲ್ಲಿ ಹೆಸರಿನ ಮೊದಲ ಚಿಹ್ನೆ ಅಕ್ಷರವೇ ಆಗಿರಬೇಕಿತ್ತು. 1989ರ ಆರ್‌ಎಫ್‌ಸಿ 1123 ಅದನ್ನು ಸಡಿಲಿಸಿ ಅಂಕಿಗೂ ಅವಕಾಶ ನೀಡಿತು.

ಇಲ್ಲಿ ಸಾಮಾನ್ಯವಾಗಿ ಮರೆತುಹೋಗುವ ಒಂದು ಸಂಗತಿಯಿದೆ. ತಾಂತ್ರಿಕವಾಗಿ ನೋಡಿದರೆ ಡಿಎನ್‌ಎಸ್ ಸಂದೇಶದ ಲೇಬಲ್ ಒಳಗೆ 8 ಬಿಟ್‌ಗಳ ಯಾವ ಬೆಲೆಯನ್ನಾದರೂ ಇರಿಸಬಹುದು, 1997ರ ಆರ್‌ಎಫ್‌ಸಿ 2181 ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ತೊಡಕು ಇದ್ದದ್ದು ಸುತ್ತಲಿನ ತಂತ್ರಾಂಶಗಳಲ್ಲಿ. ಇಮೇಲ್ ಸಾಗಿಸುವ ಎಸ್‌ಎಂಟಿಪಿ, ಜಾಲಪುಟ ತರುವ ಎಚ್‌ಟಿಟಿಪಿ, ಭದ್ರತಾ ಪ್ರಮಾಣಪತ್ರಗಳು, ನೋಂದಣಿ ದತ್ತಾಂಶಗಳು, ದಾಖಲೆ ಕಡತಗಳು ಹೀಗೆ ಹೆಸರು ಹಾದುಹೋಗುವ ನೂರಾರು ತಾಣಗಳು 7 ಬಿಟ್‌ಗಳ ಆಸ್ಕಿ ಸಂಕೇತವನ್ನೇ ನಂಬಿಕೊಂಡಿದ್ದವು. ಆಸ್ಕಿಯಲ್ಲಿರುವುದು ಒಟ್ಟು 128 ಸ್ಥಾನಗಳು. ಅಲ್ಲಿ ಕನ್ನಡಕ್ಕಾಗಲಿ, ಫ್ರೆಂಚ್ ಭಾಷೆಯ ಸ್ವರಭಾರದ ಅಕ್ಷರಗಳಿಗಾಗಲಿ ಜಾಗವಿಲ್ಲ. ಜಗತ್ತಿನಾದ್ಯಂತ ಹರಡಿರುವ ಈ ತಂತ್ರಾಂಶಗಳನ್ನೆಲ್ಲ ಒಂದೇ ದಿನ ಬದಲಾಯಿಸುವುದು ಸಾಧ್ಯವಿರಲಿಲ್ಲ. ಹೊಸ ಲಿಪಿಯ ಹೆಸರೊಂದು ಹಳೆಯ ಸರ್ವರ್ ಒಂದನ್ನು ತಲುಪಿದಾಗ ಅದು ಕೆಡಬಹುದು, ಬೈಟ್‌ಗಳು ಕತ್ತರಿಸಿಹೋಗಬಹುದು, ಅದಕ್ಕಿಂತ ಅಪಾಯಕಾರಿಯಾಗಿ ಬೇರೊಬ್ಬರ ಹೆಸರಾಗಿ ಮಾರ್ಪಡಬಹುದು.

ಪರಿಹಾರದ ಹುಡುಕಾಟ

ಡೊಮೇನ್ ಹೆಸರುಗಳಲ್ಲಿ ಯುನಿಕೋಡ್ ಬಳಸುವ ಪ್ರಸ್ತಾವವನ್ನು ಮಾರ್ಟಿನ್ ಡ್ಯೂರ್ಸ್ಟ್ ಅವರು 1996ರಲ್ಲಿ ಮಂಡಿಸಿದರು. 1998ರ ಹೊತ್ತಿಗೆ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ತಾನ್ ಟಿನ್ ವೀ ಅವರ ತಂಡವು ಆ ವಿಚಾರವನ್ನು ಪ್ರಾಯೋಗಿಕ ರೂಪಕ್ಕೆ ತಂದಿತು. ಏಷ್ಯಾದಲ್ಲಿ ಈ ಕೆಲಸಕ್ಕೆ ಹೆಚ್ಚು ಒತ್ತು ದೊರೆತದ್ದು ಆಕಸ್ಮಿಕವಲ್ಲ. ರೋಮನ್ ಲಿಪಿಯನ್ನು ದಿನನಿತ್ಯ ಬಳಸದ ಕೋಟ್ಯಂತರ ಜನ ಆಗಷ್ಟೇ ಅಂತರಜಾಲಕ್ಕೆ ಬರುತ್ತಿದ್ದರು.

2000ದಲ್ಲಿ ಅಂತರಜಾಲ ಮಾನಕಗಳನ್ನು ರೂಪಿಸುವ ಐಇಟಿಎಫ್ ಸಂಘಟನೆಯು ಇದಕ್ಕಾಗಿಯೇ ಒಂದು ಕಾರ್ಯತಂಡವನ್ನು ರಚಿಸಿತು. ಅದರ ಮುಂದೆ ಮುಖ್ಯವಾಗಿ ಎರಡು ದಾರಿಗಳಿದ್ದವು. ಮೊದಲನೆಯದು, ಯುಟಿಎಫ್-8 ಬೈಟ್‌ಗಳನ್ನು ಇದ್ದಂತೆಯೇ ಡಿಎನ್‌ಎಸ್‌ಗೆ ಕಳುಹಿಸುವುದು. ಇದು ನೇರವಾದ ಮಾರ್ಗವಾದರೂ ಹಳೆಯ ತಂತ್ರಾಂಶಗಳ ಸಹಕಾರವನ್ನೇ ಅವಲಂಬಿಸಿತ್ತು. ಎರಡನೆಯದು, ಹೊಸ ಹೆಸರನ್ನು ಹಳೆಯ ಹೆಸರಿನ ವೇಷದಲ್ಲಿ ಕಳುಹಿಸುವುದು. ಹೊರನೋಟಕ್ಕೆ ಅದು ಅಕ್ಷರ, ಅಂಕಿ, ಕಿರುಗೆರೆಗಳ ಸಾಧಾರಣ ಲೇಬಲ್. ಗೊತ್ತಿರುವ ತಂತ್ರಾಂಶಕ್ಕೆ ಮಾತ್ರ ಅದರೊಳಗಿನ ಮೂಲಪದ ಕಾಣುತ್ತದೆ. ಕಾರ್ಯತಂಡವು ಈ ಎರಡನೆಯ ದಾರಿಯನ್ನು ಆಯ್ದುಕೊಂಡಿತು.

ವೇಷ ಹೇಗಿರಬೇಕು ಎಂಬುದಕ್ಕೆ ರೇಸ್, ಲೇಸ್, ಡ್ಯೂಡ್ ಮುಂತಾದ ಹಲವು ಸಂಕೇತನ ವಿಧಾನಗಳು ಸ್ಪರ್ಧೆಯಲ್ಲಿದ್ದವು. 2000ದ ನವೆಂಬರ್‌ನಲ್ಲಿ ವೆರಿಸೈನ್ ಸಂಸ್ಥೆಯು ಮಾನಕ ಸಿದ್ಧವಾಗುವ ಮುನ್ನವೇ ಚೀನೀ, ಜಪಾನೀ, ಕೊರಿಯನ್ ಹೆಸರುಗಳನ್ನು ರೇಸ್ ವಿಧಾನದಲ್ಲಿ ಪ್ರಾಯೋಗಿಕವಾಗಿ ನೋಂದಾಯಿಸಲು ತೊಡಗಿತ್ತು. ಅಂತಿಮವಾಗಿ ಆಯ್ಕೆಯಾದದ್ದು ಕಾಸ್ಟೆಲ್ಲೋ ಅವರ ‘ಎಎಂಸಿ-ಎಸಿಇ-ಝಡ್’ ಎಂಬ ವಿಧಾನ. ಅದಕ್ಕೇ ಮುಂದೆ ಪ್ಯೂನಿಕೋಡ್ ಎಂಬ ಹೆಸರು ಬಂದಿತು.

ಸಾಧಾರಣ ಲೇಬಲ್‌ಗಳಿಂದ ಇವುಗಳನ್ನು ಬೇರ್ಪಡಿಸಲು ಒಂದು ಪೂರ್ವಪದವೂ ಬೇಕಾಗಿತ್ತು. ಯಾವುದನ್ನು ಆರಿಸಲಾಗುತ್ತದೆ ಎಂದು ಮೊದಲೇ ತಿಳಿದರೆ ಆ ಪೂರ್ವಪದದ ಹೆಸರುಗಳನ್ನು ಕೆಲವರು ಮುಂಚಿತವಾಗಿ ನೋಂದಾಯಿಸಿಕೊಳ್ಳುವ ಸಂಭವವಿತ್ತು. ಆದ್ದರಿಂದ ಷೇರು ಮಾರುಕಟ್ಟೆಯ ವಹಿವಾಟಿನ ಅಂಕಿಗಳನ್ನು ಆಧಾರವಾಗಿರಿಸಿಕೊಂಡು, ಯಾರೂ ಊಹಿಸಲಾಗದ ಆದರೆ ಎಲ್ಲರೂ ಪರಿಶೀಲಿಸಬಹುದಾದ ಚೀಟಿ ಎತ್ತುವಂಥ ಕ್ರಮದಿಂದ 2003ರ ಫೆಬ್ರವರಿಯಲ್ಲಿ ‘ಎಕ್ಸ್‌ಎನ್--’ ಎಂಬುದನ್ನು ಆರಿಸಲಾಯಿತು. ಈ ಎರಡು ಅಕ್ಷರಗಳಿಗೆ ಬೇರೆ ಅರ್ಥವೇನೂ ಇಲ್ಲ.

ಬದಲಾವಣೆ ಎಲ್ಲಿ ನಡೆಯುತ್ತದೆ

ಪ್ಯೂನಿಕೋಡ್ ಬಳಸಿ ಡೊಮೇನ್ ಹೆಸರುಗಳನ್ನು ನಿರ್ವಹಿಸುವ ಇಡೀ ಚೌಕಟ್ಟಿಗೆ ಐಡಿಎನ್‌ಎ ಎಂದು ಹೆಸರು. ಅದರ ಕೊನೆಯ ‘ಎ’ ಅಕ್ಷರವು ಅಪ್ಲಿಕೇಷನ್, ಅಂದರೆ ಆನ್ವಯಿಕ ತಂತ್ರಾಂಶ ಎಂಬುದನ್ನು ಸೂಚಿಸುತ್ತದೆ. ಚೌಕಟ್ಟಿನ ತಿರುಳು ಆ ಒಂದು ಅಕ್ಷರದಲ್ಲಿದೆ ಎನ್ನಬಹುದು. ಬದಲಾವಣೆ ನಡೆಯುವುದು ಬಳಕೆದಾರನ ಗಣಕದಲ್ಲಿರುವ ಬ್ರೌಸರ್ ಅಥವಾ ಇಮೇಲ್ ತಂತ್ರಾಂಶದಲ್ಲಿ. ಡಿಎನ್‌ಎಸ್ ಸರ್ವರ್‌ಗಳು ಮೊದಲಿನಂತೆಯೇ ಇರುತ್ತವೆ.

ಬಳಕೆದಾರನು ಕನ್ನಡದ ವಿಳಾಸವನ್ನು ಬೆರಳಚ್ಚಿಸಿದಾಗ ಬ್ರೌಸರ್ ಅದನ್ನು ಚುಕ್ಕಿಗಳಲ್ಲಿ ತುಂಡರಿಸುತ್ತದೆ. ಆಸ್ಕಿಯಲ್ಲೇ ಇರುವ ಲೇಬಲ್‌ಗಳನ್ನು ಮುಟ್ಟುವುದಿಲ್ಲ. ಉಳಿದ ಪ್ರತಿ ಲೇಬಲ್ಲಿನ ರೂಪವನ್ನು ಶುದ್ಧಗೊಳಿಸಿ, ಪ್ಯೂನಿಕೋಡಿಗೆ ಪರಿವರ್ತಿಸಿ, ಮುಂದೆ ‘ಎಕ್ಸ್‌ಎನ್--’ ಸೇರಿಸುತ್ತದೆ. ಅಲ್ಲಿಂದ ಮುಂದೆ ಡಿಎನ್‌ಎಸ್ ಪ್ರಶ್ನೆ, ಎಚ್‌ಟಿಟಿಪಿ ಕೋರಿಕೆ, ಭದ್ರತಾ ಪ್ರಮಾಣಪತ್ರದ ಹೋಲಿಕೆ ಎಲ್ಲವೂ ಈ ಆಸ್ಕಿ ರೂಪದಲ್ಲೇ ನಡೆಯುತ್ತವೆ. ವಿಳಾಸ ಪಟ್ಟಿಯಲ್ಲಿ ತೋರಿಸುವಾಗ ಮಾತ್ರ ಬ್ರೌಸರ್ ಅದನ್ನು ಮತ್ತೆ ಕನ್ನಡಕ್ಕೆ ಮರಳಿಸುತ್ತದೆ. ಮಾನಕದ ಪರಿಭಾಷೆಯಲ್ಲಿ ಕನ್ನಡದಲ್ಲಿರುವ ರೂಪ ಯು-ಲೇಬಲ್, ಆಸ್ಕಿ ರೂಪ ಎ-ಲೇಬಲ್. ಒಂದಕ್ಕೆ ಇನ್ನೊಂದು ಸರಿಯಾಗಿ ಒಂದೇ ಇರಬೇಕು ಎಂಬುದು ನಿಯಮ.

ಪೂರ್ವಪದಕ್ಕೆ 4 ಸ್ಥಾನಗಳು ವ್ಯಯವಾಗುವುದರಿಂದ ಪ್ಯೂನಿಕೋಡಿಗೆ ಉಳಿಯುವುದು 59 ಸ್ಥಾನಗಳು. ಹಾಗಾಗಿಯೇ ಸಂಕೇತನವು ಚಿಕ್ಕದಾಗಿರುವುದು ಮುಖ್ಯ. ಜಾಲವಿಳಾಸದಲ್ಲಿ ಡೊಮೇನ್ ಹೆಸರಿನ ನಂತರ ಬರುವ ಪುಟದ ಹೆಸರಿಗೆ ಬೇರೆಯೇ ಕ್ರಮವಿದೆ. ಅಲ್ಲಿ ಯುಟಿಎಫ್-8ರ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಗಳಿಂದ ಬರೆಯಲಾಗುತ್ತದೆ. ‘ಕನ್ನಡ’ ಎಂಬ ಪದದಲ್ಲಿ 5 ಸಂಕೇತಾಂಕಗಳಿವೆ, ಪ್ರತಿಯೊಂದಕ್ಕೂ 3 ಬೈಟ್. ಆದ್ದರಿಂದ ಶೇಕಡಾ ಕ್ರಮದಲ್ಲಿ ಆ ಪದವು 45 ಚಿಹ್ನೆಗಳಷ್ಟು ಉದ್ದವಾಗುತ್ತದೆ. ವಿಕಿಪೀಡಿಯದ ಕನ್ನಡ ಪುಟದ ಕೊಂಡಿಯನ್ನು ನಕಲಿಸಿ ಬೇರೆಡೆ ಅಂಟಿಸಿದವರಿಗೆ ಈ ಉದ್ದನೆಯ ಸಾಲು ಪರಿಚಿತ. ಅದೇ ಪದ ಪ್ಯೂನಿಕೋಡಿನಲ್ಲಿ ‘ಎನ್‌ಎಸ್‌ಸಿವೈಯುಎ8ಪಿ’ ಎಂದು 8 ಚಿಹ್ನೆಗಳಲ್ಲಿ ಮುಗಿಯುತ್ತದೆ, ಪೂರ್ವಪದ ಸೇರಿದರೂ 12.

ಕಾರ್ಯವಿಧಾನ

ಪ್ಯೂನಿಕೋಡ್ ಪದದಲ್ಲಿರುವ ಆಸ್ಕಿ ಅಕ್ಷರಗಳನ್ನು ಮೊದಲು ಹಾಗೆಯೇ ಬರೆದುಕೊಳ್ಳುತ್ತದೆ. ಅಂಥವು ಇದ್ದರೆ ಅವುಗಳ ನಂತರ ಒಂದು ಕಿರುಗೆರೆ ಹಾಕುತ್ತದೆ. ಆಮೇಲೆ ಉಳಿದ ಅಕ್ಷರಗಳನ್ನು ಯುನಿಕೋಡ್ ಸಂಕೇತಾಂಕದ ಏರಿಕೆಯ ಕ್ರಮದಲ್ಲಿ ತೆಗೆದುಕೊಂಡು, ಪ್ರತಿಯೊಂದನ್ನೂ ‘ಯಾವ ಅಕ್ಷರ’ ಮತ್ತು ‘ಯಾವ ಜಾಗ’ ಎಂಬ ಎರಡು ಸಂಗತಿಗಳನ್ನು ಒಟ್ಟಿಗೆ ತಿಳಿಸುವ ಒಂದೇ ಸಂಖ್ಯೆಯಾಗಿ ಬರೆಯುತ್ತದೆ.

ಪುಸ್ತಕಗಳು ಎಂಬರ್ಥದ ಜರ್ಮನ್ ಪದ ‘ಬ್ಯೂಖರ್’ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದರ ಕಾಗುಣಿತ ಬಿ, ಮೇಲೆರಡು ಚುಕ್ಕಿಯ ಯು, ಸಿ, ಎಚ್, ಇ, ಆರ್. ಚುಕ್ಕಿಯ ಯು ಬಿಟ್ಟರೆ ಉಳಿಯುವುದು 5 ಅಕ್ಷರಗಳು. ಹೊಸ ಅಕ್ಷರವೊಂದನ್ನು ಸೇರಿಸಲು ಮೊದಲಿನಿಂದ ಕೊನೆಯವರೆಗೆ 6 ಸಂದುಗಳಿವೆ. ಆಸ್ಕಿ ಮುಗಿದ ನಂತರದ ಮೊದಲ ಸಂಕೇತಾಂಕ 128. ಅಲ್ಲಿಂದ ಪ್ರತಿ ಸಂಕೇತಾಂಕಕ್ಕೂ ಆರಾರು ಸಂದುಗಳನ್ನು ಎಣಿಸುತ್ತ ಹೋದರೆ, ಚುಕ್ಕಿಯ ಯು ಅಕ್ಷರದ ಸಂಕೇತಾಂಕವಾದ 252ನ್ನು ಮುಟ್ಟುವ ಹೊತ್ತಿಗೆ 124 ಬಾರಿ ಆರು, ಎಂದರೆ 744 ಹೆಜ್ಜೆಗಳಾಗುತ್ತವೆ. ಸೇರಬೇಕಾದ ಜಾಗ ಬಿ ಅಕ್ಷರದ ನಂತರದ ಸಂದು, ಹಾಗಾಗಿ ಇನ್ನೊಂದು ಹೆಜ್ಜೆ. ಒಟ್ಟು 745. ಈ ಸಂಖ್ಯೆಯೇ ‘ಕೆವಿಎ’ ಎಂಬ ಮೂರು ಅಕ್ಷರಗಳಾಗಿ, ಪೂರ್ಣ ರೂಪವು ‘ಬಿಸಿಎಚ್‌ಇಆರ್-ಕೆವಿಎ’ ಆಗುತ್ತದೆ.

ಇಡೀ ಪದವೇ ಕನ್ನಡದಲ್ಲಿದ್ದಾಗ ಆಸ್ಕಿ ಭಾಗವೂ ಇರುವುದಿಲ್ಲ, ನಡುವಿನ ಕಿರುಗೆರೆಯೂ ಇರುವುದಿಲ್ಲ. ‘ಭಾರತ’ ಎಂಬುದು ಓದುವವರಿಗೆ ಮೂರು ಅಕ್ಷರ, ಯುನಿಕೋಡಿಗೆ ನಾಲ್ಕು ಚಿಹ್ನೆ: ಭ (3245), ದೀರ್ಘದ ಚಿಹ್ನೆ (3262), ರ (3248), ತ (3236). ಕನ್ನಡದ ಚಿಹ್ನೆಗಳೆಲ್ಲ ಯುನಿಕೋಡಿನಲ್ಲಿ 3200ರಿಂದ 3327ರವರೆಗಿನ ಒಂದೇ ಓಣಿಯಲ್ಲಿವೆ. ಸಂಕೇತಾಂಕಗಳಲ್ಲಿ ಚಿಕ್ಕದು ತ. ಪದ ಇನ್ನೂ ಖಾಲಿ ಇರುವುದರಿಂದ ಒಂದೇ ಸಂದು, ಆದ್ದರಿಂದ ಮೊದಲ ಸಂಖ್ಯೆ 3236ರಿಂದ 128ನ್ನು ಕಳೆದ 3108. ನಂತರದ್ದು ಭ. ತ ಸೇರಿದ ಜಾಗದಿಂದಲೇ ಎಣಿಕೆ ಮುಂದುವರಿಯುತ್ತದೆ. ಈಗ ಸಂದುಗಳು ಎರಡು. 3245ರವರೆಗೆ ನಡೆದು ತ ಅಕ್ಷರದ ಹಿಂದಿನ ಸಂದಿನಲ್ಲಿ ನಿಲ್ಲಲು 17 ಹೆಜ್ಜೆ ಸಾಕು. ಹೀಗೆಯೇ ರ ಅಕ್ಷರಕ್ಕೆ 9, ದೀರ್ಘದ ಚಿಹ್ನೆಗೆ 55.

3108, 17, 9, 55. ಮೊದಲ ಸಂಖ್ಯೆ ದೊಡ್ಡದು, ಉಳಿದವು ಚಿಕ್ಕವು. ಈ ವಿಧಾನದ ಜಾಣ್ಮೆಯೆಲ್ಲ ಇಲ್ಲಿದೆ. ಒಂದೇ ಭಾಷೆಯ ಪದದಲ್ಲಿ ಅಕ್ಷರಗಳು ಒಂದೇ ಓಣಿಯಲ್ಲಿರುತ್ತವೆಯಾದ್ದರಿಂದ, ಆ ಓಣಿಯನ್ನು ತಲುಪಲು ಒಮ್ಮೆ ದೂರ ನಡೆದರೆ ಸಾಕು, ಆಮೇಲೆ ಎಲ್ಲವೂ ಅಕ್ಕಪಕ್ಕದ ಮನೆಗಳು. ಅಕ್ಷರ ಮರುಕಳಿಸಿದಾಗಲೂ ಲಾಭವಿದೆ. ‘ಕನ್ನಡ’ ಪದದ ಎರಡನೆಯ ನಕಾರಕ್ಕೆ ತಗಲುವ ಸಂಖ್ಯೆ ಸೊನ್ನೆ.

ಈ ಸಂಖ್ಯೆಗಳನ್ನು ಬರೆಯಲು 36 ಚಿಹ್ನೆಗಳು ಬಳಕೆಯಾಗುತ್ತವೆ. ಎ ಇಂದ ಝಡ್‌ವರೆಗಿನ ಅಕ್ಷರಗಳಿಗೆ 0ಯಿಂದ 25, ಅಂಕಿ ಚಿಹ್ನೆಗಳಾದ 0ಯಿಂದ 9ಕ್ಕೆ 26ರಿಂದ 35 ಎಂಬ ಬೆಲೆಗಳು. ಸಂಖ್ಯೆಗಳ ನಡುವೆ ಅಲ್ಪವಿರಾಮ ಹಾಕಲು ಬಿಡಿ ಚಿಹ್ನೆಯೇ ಇಲ್ಲದ ಕಾರಣ, ಒಂದು ಸಂಖ್ಯೆ ಎಲ್ಲಿ ಮುಗಿಯಿತೆಂಬುದನ್ನು ಅಂಕಿಯ ಬೆಲೆಯೇ ಹೇಳಬೇಕು. ಪ್ರತಿ ಸ್ಥಾನಕ್ಕೂ ಒಂದು ಹೊಸ್ತಿಲ ಬೆಲೆ ನಿಗದಿಯಾಗಿರುತ್ತದೆ. ಅಂಕಿಯ ಬೆಲೆ ಆ ಹೊಸ್ತಿಲಿಗಿಂತ ಕಡಿಮೆಯಿದ್ದರೆ ಸಂಖ್ಯೆ ಅಲ್ಲಿಗೆ ಮುಗಿಯಿತು ಎಂದರ್ಥ. ಕಡಿಮೆ ಬೆಲೆಯ ಸ್ಥಾನ ಮೊದಲು ಬರುತ್ತದೆ. 3108 ಎಂಬುದು 28, 18, 2 ಎಂಬ ಅಂಕಿಗಳಾಗಿ ‘2ಎಸ್‌ಸಿ’ ಆಗುತ್ತದೆ: 28, ಅದಕ್ಕೆ 35ರ 18 ಪಟ್ಟು, ಅದಕ್ಕೆ 1225ರ 2 ಪಟ್ಟು ಕೂಡಿದರೆ 3108. ಮುಂದಿನ 17 ‘ಆರ್’ ಆಗಿಯೂ 9 ‘ಜೆ’ ಆಗಿಯೂ ಒಂದೊಂದೇ ಚಿಹ್ನೆಯಲ್ಲಿ ಮುಗಿಯುತ್ತವೆ. 55 ಮಾತ್ರ 35 ಮತ್ತು 2 ಎಂಬ ಎರಡು ಅಂಕಿಗಳಾಗಿ ‘9ಸಿ’ ಎನಿಸುತ್ತದೆ. ಅಲ್ಲಿ ಎರಡನೆಯ ಸ್ಥಾನದ ತೂಕ 35 ಅಲ್ಲ, 10. ಏಕೆಂದರೆ ಪ್ರತಿ ಸಂಖ್ಯೆಯ ನಂತರವೂ ಪ್ಯೂನಿಕೋಡ್ ತನ್ನ ಹೊಸ್ತಿಲುಗಳನ್ನು ಈವರೆಗೆ ಕಂಡ ಸಂಖ್ಯೆಗಳ ಗಾತ್ರಕ್ಕೆ ಹೊಂದಿಸಿಕೊಳ್ಳುತ್ತದೆ. ದೊಡ್ಡ ಸಂಖ್ಯೆಯ ನಿರೀಕ್ಷೆಯಿದ್ದಾಗ ಸ್ಥಾನಗಳ ತೂಕ ಹೆಚ್ಚು, ಚಿಕ್ಕದರ ನಿರೀಕ್ಷೆಯಿದ್ದಾಗ ಕಡಿಮೆ. ಹೀಗೆ ಯುಟಿಎಫ್-8ರಲ್ಲಿ 12 ಬೈಟ್ ತೆಗೆದುಕೊಳ್ಳುವ ‘ಭಾರತ’ ಇಲ್ಲಿ 7 ಚಿಹ್ನೆಗಳಲ್ಲಿ ಅಡಕವಾಗುತ್ತದೆ.

ಒಂದೇ ಪದ, ಹಲವು ರೂಪ

ಕಣ್ಣಿಗೆ ಒಂದೇ ಆಗಿ ಕಾಣುವ ಪದ ಗಣಕದಲ್ಲಿ ಬೇರೆ ಬೇರೆ ರೀತಿಯಲ್ಲಿ ಇರಬಹುದು. ‘ಕೋ’ ಎಂಬಲ್ಲಿನ ಓಕಾರವನ್ನು ಯುನಿಕೋಡ್ ಒಂದೇ ಚಿಹ್ನೆಯಾಗಿಯೂ ಒಪ್ಪುತ್ತದೆ, ಎತ್ವ, ಕೊಂಬಿನ ದೀರ್ಘ ಹಾಗೂ ದೀರ್ಘಸೂಚಕ ಎಂಬ ಮೂರು ಚಿಹ್ನೆಗಳ ಜೋಡಣೆಯಾಗಿಯೂ ಒಪ್ಪುತ್ತದೆ. ಈ ಎರಡು ಬರವಣಿಗೆಗಳು ಹಾಗೆಯೇ ಪ್ಯೂನಿಕೋಡಿಗೆ ಹೋದರೆ ಎರಡು ಬೇರೆ ಡೊಮೇನ್ ಹೆಸರುಗಳು ಹುಟ್ಟುತ್ತವೆ. ಒಂದನ್ನು ನೋಂದಾಯಿಸಿದವರ ತಾಣಕ್ಕೆ ಇನ್ನೊಂದು ಕೀಲಿಮಣೆಯಿಂದ ಹೋಗಲಾಗದು. ಇದನ್ನು ತಡೆಯಲು ಪರಿವರ್ತನೆಗೆ ಮುನ್ನ ಯುನಿಕೋಡಿನ ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣದಿಂದ ಎಲ್ಲವನ್ನೂ ಒಂದೇ ರೂಪಕ್ಕೆ ತರಲಾಗುತ್ತದೆ. ಈ, ಏ, ಐ, ಒ, ಓ ಗುಣಿತಗಳಿಗೆಲ್ಲ ಇದು ಅನ್ವಯಿಸುತ್ತದೆ. ದೊಡ್ಡಕ್ಷರಗಳನ್ನು ಚಿಕ್ಕಕ್ಷರಗಳಾಗಿಸುವುದೂ ಇದೇ ಹಂತದ ಕೆಲಸವಾದರೂ ಕನ್ನಡಕ್ಕೆ ಅದರ ಅಗತ್ಯವಿಲ್ಲ.

2003ರ ಮಾನಕದಲ್ಲಿ ಈ ಸಿದ್ಧತೆಯ ಹಂತವು ಯುನಿಕೋಡಿನ 3.2 ಆವೃತ್ತಿಗೆ ಕಟ್ಟಿಹಾಕಲ್ಪಟ್ಟಿತ್ತು. ಆನಂತರ ಯುನಿಕೋಡಿಗೆ ಸೇರಿದ ಲಿಪಿಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. 2010ರ ಆಗಸ್ಟ್‌ನಲ್ಲಿ ಪ್ರಕಟವಾದ, ಆದರೆ ಐಡಿಎನ್‌ಎ 2008 ಎಂದೇ ಕರೆಯಲ್ಪಡುವ ಹೊಸ ಮಾನಕವು ಆ ಕಟ್ಟನ್ನು ಬಿಚ್ಚಿತು. ಪ್ರತಿ ಚಿಹ್ನೆಗೆ ಅದರ ಯುನಿಕೋಡ್ ಗುಣಲಕ್ಷಣಗಳ ಆಧಾರದ ಮೇಲೆ ಅನುಮತಿ ನೀಡುವ ಪದ್ಧತಿ ಬಂದಿತು. ಪ್ಯೂನಿಕೋಡ್ ಸೂತ್ರದಲ್ಲಿ ಮಾತ್ರ ಯಾವ ಬದಲಾವಣೆಯೂ ಆಗಲಿಲ್ಲ.

ಹೊಸ ಮಾನಕವು ಕೆಲವು ಚಿಹ್ನೆಗಳ ವಿಷಯದಲ್ಲಿ ಹಳೆಯದಕ್ಕೆ ವಿರುದ್ಧವಾಯಿತು. ಜರ್ಮನ್ ಭಾಷೆಯ ‘ಎಸ್‌ಝೆಟ್’ ಅಕ್ಷರವನ್ನು ಹಳೆಯದು ಎರಡು ಎಸ್ ಆಗಿ ಬದಲಿಸುತ್ತಿತ್ತು, ಹೊಸದು ಸ್ವತಂತ್ರ ಅಕ್ಷರವಾಗಿ ಉಳಿಸಿತು. ಪರಿಣಾಮವಾಗಿ ಒಂದೇ ವಿಳಾಸವನ್ನು ಎರಡು ಬ್ರೌಸರ್‌ಗಳಲ್ಲಿ ಬೆರಳಚ್ಚಿಸಿದರೆ ಎರಡು ಬೇರೆ ಸರ್ವರ್‌ಗಳಿಗೆ ಹೋಗುವ ಸ್ಥಿತಿ ಉಂಟಾಯಿತು. ಬ್ಯಾಂಕಿನ ತಾಣವೊಂದರ ಹೆಸರಿನಲ್ಲಿ ಹೀಗಾದರೆ ಅದು ಬರಿಯ ಕಾಗುಣಿತದ ಚರ್ಚೆಯಾಗಿ ಉಳಿಯುವುದಿಲ್ಲ. ಈ ನಡುಗಾಲವನ್ನು ದಾಟಲು ಯುನಿಕೋಡ್ ಒಕ್ಕೂಟವು ಯುಟಿಎಸ್ 46 ಎಂಬ ಹೊಂದಾಣಿಕೆಯ ಕ್ರಮವನ್ನು ಹೊರತಂದಿತು.

ಕನ್ನಡಕ್ಕೆ ನೇರವಾಗಿ ತಟ್ಟುವ ಬದಲಾವಣೆ ಶೂನ್ಯ ಅಗಲದ ಚಿಹ್ನೆಗಳದ್ದು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ವಕಾರ ಒತ್ತಕ್ಷರವಾಗಿ ಕೆಳಗಿಳಿಯದಂತೆ ತಡೆಯಲು ಕಣ್ಣಿಗೆ ಕಾಣದ ‘ಬಿಡಿಸುವ’ ಚಿಹ್ನೆಯೊಂದನ್ನು ನಡುವೆ ಇಡುತ್ತೇವೆ. ಅದಿಲ್ಲದಿದ್ದರೆ ಪದವು ‘ಸಾಫ್ಟ್ವೇರ್’ ಎಂದು ಕಾಣುತ್ತದೆ. 2003ರ ಮಾನಕವು ಈ ಚಿಹ್ನೆಯನ್ನು ಸದ್ದಿಲ್ಲದೆ ಅಳಿಸಿಹಾಕುತ್ತಿತ್ತು. ಕನ್ನಡಿಗರು ಬರೆದಂತೆ ಹೆಸರು ಉಳಿಯುತ್ತಿರಲಿಲ್ಲ, ಆದರೆ ಎರಡೂ ಬರವಣಿಗೆಗಳು ಒಂದೇ ತಾಣವನ್ನು ತಲುಪುತ್ತಿದ್ದವು. ಹೊಸ ಮಾನಕವು ಅರ್ಧಾಕ್ಷರದ ಚಿಹ್ನೆಯ ನಂತರ ಬಂದರೆ ಮಾತ್ರ ಇದಕ್ಕೆ ಅನುಮತಿ ನೀಡುತ್ತದೆ. ಆಗ ಬರವಣಿಗೆ ಸರಿಯಾಗುತ್ತದೆ, ಹೆಸರುಗಳು ಮಾತ್ರ ಎರಡಾಗುತ್ತವೆ. ಎರಡರಲ್ಲಿ ಯಾವುದು ಮೇಲೆಂದು ಹೇಳುವುದು ಸುಲಭವಲ್ಲ.

‘ಜೋಡಿಸುವ’ ಚಿಹ್ನೆಯ ಕಥೆ ಇನ್ನೂ ವಿಚಿತ್ರ. ‘ರ‍್ಯಾಂಕ್’ ಎಂಬಲ್ಲಿ ರಕಾರವನ್ನು ಅರ್ಕಾವತ್ತಾಗಿಸದೆ ಪೂರ್ಣವಾಗಿ ತೋರಿಸಲು ಆ ಚಿಹ್ನೆ ರಕಾರದ ನಂತರ, ಅರ್ಧಾಕ್ಷರದ ಚಿಹ್ನೆಗಿಂತ ಮೊದಲು ಬರಬೇಕು. ಮಾನಕದ ನಿಯಮವಾದರೋ ಅದು ಅರ್ಧಾಕ್ಷರದ ಚಿಹ್ನೆಯ ನಂತರವೇ ಬರಬೇಕೆನ್ನುತ್ತದೆ. ಹೀಗಾಗಿ ಇಂಥ ಪದಗಳನ್ನು ಡೊಮೇನ್ ಹೆಸರಿನಲ್ಲಿ ‘ರ್ಯಾಂಕ್’ ಎಂಬ ಅರ್ಕಾವತ್ತಿನ ರೂಪದಲ್ಲೇ ಬರೆಯಬೇಕಾಗುತ್ತದೆ. ಮೇಲ್ಮಟ್ಟದ ಡೊಮೇನುಗಳಲ್ಲಂತೂ ಈ ಎರಡು ಅದೃಶ್ಯ ಚಿಹ್ನೆಗಳಿಗೂ ಅವಕಾಶವಿಲ್ಲ.

ಮೇಲ್ಮಟ್ಟದ ಡೊಮೇನುಗಳು

2003ರ ನಂತರವೂ ಕೆಲವು ವರ್ಷ ಚುಕ್ಕಿಯ ಎಡಭಾಗ ಮಾತ್ರ ಸ್ವಂತ ಲಿಪಿಯಲ್ಲಿದ್ದು, ಬಲಭಾಗ ರೋಮನ್ ಆಗಿಯೇ ಉಳಿದಿತ್ತು. ಕೀಲಿಮಣೆಯನ್ನು ಎರಡು ಲಿಪಿಗಳ ನಡುವೆ ಬದಲಾಯಿಸುತ್ತ ಒಂದು ವಿಳಾಸ ಬರೆಯಬೇಕೆಂದರೆ, ರೋಮನ್ ಬಾರದವರಿಗೆ ಇಡೀ ಏರ್ಪಾಡು ನಿಷ್ಪ್ರಯೋಜಕ. 2007ರ ಅಕ್ಟೋಬರ್‌ನಲ್ಲಿ ಐಕಾನ್ ಸಂಸ್ಥೆಯು 11 ಭಾಷೆಗಳಲ್ಲಿ ಪರೀಕ್ಷಾರ್ಥ ಮೇಲ್ಮಟ್ಟದ ಡೊಮೇನುಗಳನ್ನು ತೆರೆಯಿತು. ಭಾರತದಲ್ಲಿ ಬಳಕೆಯಲ್ಲಿರುವ ಹಿಂದಿ ಮತ್ತು ತಮಿಳು ಅವುಗಳಲ್ಲಿದ್ದವು, ಕನ್ನಡ ಇರಲಿಲ್ಲ. 2009ರ ಅಕ್ಟೋಬರ್ 30ರಂದು ಸೋಲ್ ನಗರದ ಸಭೆಯಲ್ಲಿ ದೇಶಸೂಚಕ ಡೊಮೇನುಗಳಿಗೆ ಒಪ್ಪಿಗೆ ದೊರೆತು, 2010ರ ಮೇ 5ರಂದು ಈಜಿಪ್ಟ್, ಸೌದಿ ಅರೇಬಿಯಾ ಮತ್ತು ಸಂಯುಕ್ತ ಅರಬ್ ಸಂಸ್ಥಾನಗಳ ಅರೇಬಿಕ್ ಲಿಪಿಯ ಡೊಮೇನುಗಳು ಚಾಲ್ತಿಗೆ ಬಂದವು. ಅದೇ ತಿಂಗಳು ರಷ್ಯಾದ ಸಿರಿಲಿಕ್ ಡೊಮೇನ್ ಕೂಡ ಸೇರಿತು.

ಭಾರತದಲ್ಲಿ ನಿಕ್ಸಿ ಸಂಸ್ಥೆಯು ಡೊಮೇನುಗಳನ್ನು ನಿರ್ವಹಿಸುತ್ತದೆ. ದೇವನಾಗರಿಯ ‘ಭಾರತ’ ಡೊಮೇನ್ 2014ರ ಆಗಸ್ಟ್ 27ರಂದು ಲೋಕಾರ್ಪಣೆಗೊಂಡಿತು. ನಂತರದ ಹಂತಗಳಲ್ಲಿ ಕನ್ನಡವೂ ಸೇರಿ, ಸಂವಿಧಾನದ 8ನೆಯ ಪರಿಚ್ಛೇದದ 22 ಭಾಷೆಗಳಿಗಾಗಿ ಒಟ್ಟು 15 ದೇಶೀಯ ಲಿಪಿಯ ಡೊಮೇನುಗಳು ರೂಪುಗೊಂಡವು. ಕನ್ನಡ, ತೆಲುಗು, ಗುಜರಾತಿ ಮುಂತಾದ ಲಿಪಿಗಳಲ್ಲಿ ಓದುವಾಗ ಎಲ್ಲವೂ ಭಾರತವೇ ಆದರೂ ಸಂಕೇತಾಂಕಗಳು ಬೇರೆಯಾದ್ದರಿಂದ ಡಿಎನ್‌ಎಸ್‌ಗೆ ಇವು ಒಂದಕ್ಕೊಂದು ಸಂಬಂಧವೇ ಇಲ್ಲದ ಹೆಸರುಗಳು.

ಹೋಲುವ ಅಕ್ಷರಗಳ ವಂಚನೆ

ಹೆಸರಿನಲ್ಲಿ ಎಲ್ಲ ಲಿಪಿಗಳಿಗೂ ಅವಕಾಶ ಬಂದ ಕೂಡಲೇ ಒಂದರಂತೆ ಇನ್ನೊಂದು ಕಾಣುವ ಅಕ್ಷರಗಳಿಗೂ ಅವಕಾಶ ಬಂದಿತು. ಸಿರಿಲಿಕ್ ಲಿಪಿಯ ‘ಅ’ ರೋಮನ್ ‘ಎ’ ಅಕ್ಷರದ ಪಡಿಯಚ್ಚು. 2002ರಲ್ಲೇ ಎವ್ಗೆನಿ ಗಾಬ್ರಿಲೋವಿಚ್ ಮತ್ತು ಅಲೆಕ್ಸ್ ಗೊಂಟ್‌ಮಾಖರ್ ಎಂಬ ಸಂಶೋಧಕರು ಪ್ರಸಿದ್ಧ ಸಂಸ್ಥೆಯೊಂದರ ಹೆಸರನ್ನು ಸಿರಿಲಿಕ್ ಅಕ್ಷರ ಬೆರೆಸಿ ನೋಂದಾಯಿಸಿ ತೋರಿಸಿ, ಈ ಅಪಾಯವನ್ನು ಎಚ್ಚರಿಸಿದ್ದರು. 2005ರಲ್ಲಿ ಹಣ ಪಾವತಿ ತಾಣವೊಂದರ ಹೆಸರಿನಲ್ಲಿ ಇಂಥದೇ ಪ್ರಾತ್ಯಕ್ಷಿಕೆ ನಡೆದಾಗ ಬ್ರೌಸರ್ ತಯಾರಕರು ಗಂಭೀರವಾಗಿ ಯೋಚಿಸತೊಡಗಿದರು.

ಅವರು ಕಂಡುಕೊಂಡ ಉಪಾಯ ಪ್ಯೂನಿಕೋಡನ್ನೇ ಎಚ್ಚರಿಕೆಯ ಗುರುತಾಗಿ ಬಳಸುವುದು. ಒಂದೇ ಲೇಬಲ್‌ನಲ್ಲಿ ಅನುಮಾನಾಸ್ಪದವಾಗಿ ಲಿಪಿಗಳು ಬೆರೆತಿದ್ದರೆ ಬ್ರೌಸರ್ ಮೂಲಲಿಪಿಗೆ ಮರಳಿಸದೆ ‘ಎಕ್ಸ್‌ಎನ್--’ ರೂಪವನ್ನೇ ವಿಳಾಸ ಪಟ್ಟಿಯಲ್ಲಿ ತೋರಿಸುತ್ತದೆ. 2017ರಲ್ಲಿ ಈ ರಕ್ಷಣೆಯಲ್ಲೂ ಬಿರುಕು ಕಂಡಿತು. ಇಂಗ್ಲಿಷಿನ ‘ಆ್ಯಪಲ್’ ಎಂಬ ಪದವನ್ನು ಪೂರ್ತಿಯಾಗಿ ಸಿರಿಲಿಕ್ ಅಕ್ಷರಗಳಿಂದಲೇ ಕಟ್ಟಿ ನೋಂದಾಯಿಸಿದಾಗ, ಲಿಪಿ ಬೆರಕೆಯೇ ಇಲ್ಲದ ಕಾರಣ ಕೆಲವು ಬ್ರೌಸರ್‌ಗಳು ಅದನ್ನು ಅನುಮಾನಿಸಲಿಲ್ಲ. ಆ ಬಳಿಕ ಇಡೀ ಪದದ ಹೋಲಿಕೆಯನ್ನೂ ಪರೀಕ್ಷಿಸುವ ಕ್ರಮ ಸೇರಿತು. ಈ ಉಪಾಯಕ್ಕೆ ಇನ್ನೊಂದು ಮುಖವಿದೆ: ಪ್ರಾಮಾಣಿಕವಾದ ಕನ್ನಡ ಹೆಸರೂ ಯಾವುದೋ ಹಳೆಯ ತಂತ್ರಾಂಶದಲ್ಲಿ ಅದೇ ಅಪರಿಚಿತ ಸಾಲಾಗಿ ಕಂಡು, ಓದುಗನಲ್ಲಿ ಸಂಶಯ ಹುಟ್ಟಿಸುತ್ತದೆ.

ಕನ್ನಡದ ಮಟ್ಟಿಗೆ ಈ ಸಮಸ್ಯೆ ರೋಮನ್ ಲಿಪಿಯೊಂದಿಗಲ್ಲ, ತೆಲುಗಿನೊಂದಿಗೆ. ಒಂದೇ ಮೂಲದಿಂದ ಕವಲೊಡೆದ ಈ ಎರಡು ಲಿಪಿಗಳಲ್ಲಿ ರಕಾರ, ಠಕಾರ, ಅನುಸ್ವಾರ ಮೊದಲಾದವು ಹೆಚ್ಚುಕಡಿಮೆ ಒಂದೇ ಆಕಾರದವು, ಸಂಕೇತಾಂಕಗಳು ಮಾತ್ರ ಬೇರೆ. ಬ್ರಾಹ್ಮಿಯಿಂದ ಹುಟ್ಟಿದ 9 ಭಾರತೀಯ ಲಿಪಿಗಳಿಗಾಗಿ ರಚಿತವಾದ ತಜ್ಞರ ಮಂಡಳಿಯು ಮೇಲ್ಮಟ್ಟದ ಡೊಮೇನುಗಳಿಗೆ ಲೇಬಲ್ ರಚನೆಯ ನಿಯಮಗಳನ್ನು ಸಿದ್ಧಪಡಿಸಿತು, ಕನ್ನಡದ ನಿಯಮಗಳು 2019ರಲ್ಲಿ ಸೇರ್ಪಡೆಗೊಂಡವು. ಅದರಂತೆ ಹೋಲುವ ತೆಲುಗು ಮತ್ತು ಕನ್ನಡ ಅಕ್ಷರಗಳನ್ನು ಪರಸ್ಪರ ರೂಪಾಂತರಗಳೆಂದು ಪರಿಗಣಿಸಲಾಗುತ್ತದೆ. ಒಂದು ಲಿಪಿಯ ಹೆಸರು ಒಬ್ಬರಿಗೆ ದೊರೆತರೆ ಇನ್ನೊಂದು ಲಿಪಿಯ ಅದರ ಜೋಡಿ ಬೇರೆಯವರಿಗೆ ದೊರೆಯದು. ವ್ಯಂಜನವಿಲ್ಲದೆ ಗುಣಿತದ ಚಿಹ್ನೆ ಬರಬಾರದು ಎಂಬಂಥ ಅಕ್ಷರ ರಚನೆಯ ನಿಯಮಗಳೂ ಇದರಲ್ಲಿವೆ.

ಇಮೇಲ್ ವಿಳಾಸಗಳಲ್ಲಿ

ಇಮೇಲ್ ವಿಳಾಸದಲ್ಲಿ ‘ಆ್ಯಟ್’ ಚಿಹ್ನೆಯ ಬಲಭಾಗ ಡೊಮೇನ್ ಹೆಸರಾದ್ದರಿಂದ ಅಲ್ಲಿ ಪ್ಯೂನಿಕೋಡ್ ಸಾಕು. ಎಡಭಾಗಕ್ಕೆ ಇದು ಸಲ್ಲುವುದಿಲ್ಲ. ಆ ಭಾಗದ ಅರ್ಥವನ್ನು ನಿರ್ಧರಿಸುವ ಹಕ್ಕು ಪತ್ರವನ್ನು ಕೊನೆಗೆ ಸ್ವೀಕರಿಸುವ ಸರ್ವರ್‌ಗೆ ಮಾತ್ರ ಸೇರಿದ್ದು, ದಾರಿಯಲ್ಲಿನ ಯಾವ ತಂತ್ರಾಂಶವೂ ಅದನ್ನು ಬದಲಿಸಕೂಡದು ಎಂಬುದು ಎಸ್‌ಎಂಟಿಪಿಯ ಹಳೆಯ ನಿಯಮ. ಆದ್ದರಿಂದ ಇಲ್ಲಿ ವೇಷದ ದಾರಿಯನ್ನು ಬಿಟ್ಟು, 2012ರ ಫೆಬ್ರವರಿಯಲ್ಲಿ ಪ್ರಕಟವಾದ ಮಾನಕಗಳ ಮೂಲಕ ಎಸ್‌ಎಂಟಿಪಿಯನ್ನೇ ವಿಸ್ತರಿಸಲಾಯಿತು. ಎಸ್‌ಎಂಟಿಪಿಯುಟಿಎಫ್8 ಎಂಬ ಈ ವಿಸ್ತರಣೆಯನ್ನು ಬಲ್ಲೆನೆಂದು ಎರಡೂ ಸರ್ವರ್‌ಗಳು ಮೊದಲು ಒಪ್ಪಿಕೊಂಡರೆ ವಿಳಾಸವು ಯುಟಿಎಫ್-8ರಲ್ಲೇ ಸಾಗುತ್ತದೆ. ದಾರಿಯಲ್ಲಿರುವ ಒಂದು ಸರ್ವರ್ ಒಪ್ಪದಿದ್ದರೂ ಪತ್ರ ಕಳುಹಿಸಿದವರಿಗೇ ಹಿಂತಿರುಗುತ್ತದೆ. ಕನ್ನಡದ ಡೊಮೇನ್ ಹೆಸರು ಯಾವ ಹಳೆಯ ಸರ್ವರ್ ಮೂಲಕವೂ ಹಾದುಹೋಗಬಲ್ಲದು, ಕನ್ನಡದ ಪೂರ್ಣ ಇಮೇಲ್ ವಿಳಾಸ ಹಾಗಲ್ಲ. ಅರ್ಜಿ ನಮೂನೆಗಳನ್ನು ತುಂಬಿಸಿಕೊಳ್ಳುವ ಜಾಲತಾಣಗಳೂ ರೋಮನ್ ಅಲ್ಲದ ವಿಳಾಸವನ್ನು ‘ತಪ್ಪು ವಿಳಾಸ’ ಎಂದು ತಿರಸ್ಕರಿಸುವುದುಂಟು. ಇಂಥ ತಂತ್ರಾಂಶಗಳನ್ನು ಸರಿಪಡಿಸುವಂತೆ ಮಾಡಲು 2015ರಲ್ಲಿ ‘ಸಾರ್ವತ್ರಿಕ ಸ್ವೀಕಾರ’ದ ಹೆಸರಿನಲ್ಲಿ ಒಂದು ಚಾಲನಾ ಸಮಿತಿ ರಚನೆಯಾಯಿತು, 2023ರ ಮಾರ್ಚ್ 28ರಂದು ಅದರ ಮೊದಲ ಜಾಗತಿಕ ದಿನಾಚರಣೆ ನಡೆಯಿತು.